ಹೊರಗಿನಿಂದ ಜೋಡಿಸುವ ಡಿವಿಡಿ ಡ್ರೈವ್: ಕೊಳ್ಳುವಾಗ ಏನು ನೋಡಬೇಕು, ಬಳಸುವಾಗ ಎಲ್ಲಿ ಎಡವುತ್ತೇವೆ

ಈಗ ಬರುವ ಲ್ಯಾಪ್‌ಟಾಪ್‌ಗಳಲ್ಲಿ ಸಿಡಿ, ಡಿವಿಡಿ ಹಾಕುವ ಜಾಗವೇ ಇರುವುದಿಲ್ಲ. ಸ್ಕ್ಯಾನಿಂಗ್ ಕೇಂದ್ರದವರು ಎಂಆರ್‌ಐ ಚಿತ್ರಗಳನ್ನು ಸಿಡಿಯಲ್ಲಿ ಹಾಕಿ ಕೈಗಿಡುವ ತನಕ, ಬೀರುವಿನಲ್ಲಿರುವ ಮದುವೆ ಡಿವಿಡಿಯನ್ನು ಮಕ್ಕಳು ನೋಡಬೇಕು ಎನ್ನುವ ತನಕ ಅದರ ಕೊರತೆ ಯಾರಿಗೂ ಕಾಣುವುದಿಲ್ಲ. ಆಗ ಬೇಕಾಗುವುದು ಯುಎಸ್‌ಬಿ ಕೇಬಲ್‌ನಿಂದ ಜೋಡಿಸುವ ತೆಳ್ಳನೆಯ ಹೊರಗಿನ ಡ್ರೈವ್.

ಕೊಳ್ಳಲು ಹೊರಟವರ ಕಣ್ಣು ಮೊದಲು ಬೀಳುವುದು ವೇಗದ ಅಂಕಿ ಮತ್ತು 'ಯುಎಸ್‌ಬಿ 3.0' ಎಂಬ ಬರಹದ ಮೇಲೆ. ಈ ಸಾಧನ ಕೈಕೊಡುವ ಜಾಗಗಳೇ ಬೇರೆ: ಸಾಕಷ್ಟು ಕರೆಂಟ್ ಸಿಗುವುದಿಲ್ಲ, ಡಿಸ್ಕ್ ಸರಿಯಾಗಿ ಕೂತಿರುವುದಿಲ್ಲ ಅಥವಾ ಕೊಳೆಯಾಗಿರುತ್ತದೆ, ಇಲ್ಲವೇ ಕಂಪ್ಯೂಟರಿನಲ್ಲಿ ತಕ್ಕ ಸಾಫ್ಟ್‌ವೇರ್ ಇರುವುದಿಲ್ಲ. 'ಕೆಟ್ಟಿದೆ' ಎಂದು ಅಂಗಡಿಗೆ ಹಿಂದಿರುಗಿಸುವ ಮೊದಲು ಈ ಮೂರನ್ನು ನೋಡಿದರೆ ಎಷ್ಟೋ ಡ್ರೈವ್‌ಗಳು ಚೆನ್ನಾಗಿಯೇ ಕೆಲಸ ಮಾಡುತ್ತವೆ.

ಡಬ್ಬಿಯೊಳಗೆ ಏನಿರುತ್ತದೆ

ಹಳೆಯ ಲ್ಯಾಪ್‌ಟಾಪ್‌ಗಳಲ್ಲಿದ್ದ ತೆಳು ಡ್ರೈವೇ ಇದರೊಳಗೂ ಇರುವುದು. ಅದರ ದಪ್ಪ ಸಾಮಾನ್ಯವಾಗಿ 12.7 ಅಥವಾ 9.5 ಮಿಲಿಮೀಟರ್. ಅದಕ್ಕೊಂದು ಪ್ಲಾಸ್ಟಿಕ್ ಕವಚ ಹಾಕಿ, ಡ್ರೈವ್‌ನ ಸಾಟಾ ಸಂಪರ್ಕವನ್ನು (ಕಂಪ್ಯೂಟರಿನೊಳಗೆ ಡ್ರೈವ್ ಜೋಡಿಸುವ ಬಗೆ) ಯುಎಸ್‌ಬಿಗೆ ಬದಲಿಸುವ ಚಿಕ್ಕ ಚಿಪ್ ಸೇರಿಸಿರುತ್ತಾರೆ. ಕೆಲವು ಮಾದರಿಗಳಲ್ಲಿ ಡ್ರೈವ್‌ನ ಬೋರ್ಡೇ ನೇರವಾಗಿ ಯುಎಸ್‌ಬಿಯಲ್ಲಿ ಮಾತಾಡುತ್ತದೆ.

ಡಿಸ್ಕ್ ತಿರುಗಿಸಲು ಒಂದು ಮೋಟಾರು, ಲೇಸರ್ ತಲೆಯನ್ನು ಒಳಗಿನಿಂದ ಹೊರಕ್ಕೆ ಸರಿಸಲು ಇನ್ನೊಂದು, ಲೆನ್ಸನ್ನು ಮೇಲೆ ಕೆಳಗೆ ಕದಲಿಸಿ ಫೋಕಸ್ ಹಿಡಿಸುವ ಪುಟ್ಟ ಸುರುಳಿಗಳು, ಇಷ್ಟೇ ಇದರ ಚಲಿಸುವ ಭಾಗಗಳು. ಇಷ್ಟಕ್ಕೂ ಕರೆಂಟ್ ಬರುವುದು ಒಂದೇ ಯುಎಸ್‌ಬಿ ತಂತಿಯಿಂದ. ಗೋಡೆಯ ಸಾಕೆಟ್‌ಗೆ ಹಾಕುವ ಅಡಾಪ್ಟರ್ ಇಲ್ಲದಿರುವುದು ಇದರ ಅನುಕೂಲವೂ ಹೌದು, ದೌರ್ಬಲ್ಯವೂ ಹೌದು.

ಸಿಡಿ, ಡಿವಿಡಿ, ಬ್ಲೂ-ರೇ: ವ್ಯತ್ಯಾಸ ಎಲ್ಲಿ

ಮೂರೂ ನೋಡಲು ಒಂದೇ: 12 ಸೆಂಟಿಮೀಟರ್ ಅಗಲ, 1.2 ಮಿಲಿಮೀಟರ್ ದಪ್ಪ. ಒಳಗೆ ಸುರುಳಿಯಾಗಿ ಸಾಗುವ ಒಂದೇ ಗೆರೆಯಲ್ಲಿ ಮಾಹಿತಿ ಇರುತ್ತದೆ. ಸಿಡಿಯಲ್ಲಿ ಅಕ್ಕಪಕ್ಕದ ಎರಡು ಸುತ್ತುಗಳ ನಡುವಿನ ಅಂತರ 1.6 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗವೇ ಮೈಕ್ರಾನ್). ಡಿವಿಡಿಯಲ್ಲಿ 0.74, ಬ್ಲೂ-ರೇಯಲ್ಲಿ 0.32. ಗೆರೆ ಸಣ್ಣದಾದಷ್ಟೂ ಅದನ್ನು ಓದುವ ಬೆಳಕಿನ ತರಂಗವೂ ಕಿರಿದಾಗಬೇಕು. ಹಾಗಾಗಿ ಸಿಡಿಗೆ 780 ನ್ಯಾನೋಮೀಟರಿನ ಅವಗೆಂಪು ಲೇಸರ್, ಡಿವಿಡಿಗೆ 650ರ ಕೆಂಪು, ಬ್ಲೂ-ರೇಗೆ 405ರ ನೀಲಿ-ನೇರಳೆ.

ಇದರಿಂದ ತಿಳಿಯುವ ಮುಖ್ಯ ಸಂಗತಿ: ಡಿವಿಡಿ ಡ್ರೈವ್‌ನಲ್ಲಿ ಅವಗೆಂಪು ಮತ್ತು ಕೆಂಪು ಲೇಸರ್‌ಗಳು ಎರಡೂ ಇರುತ್ತವೆ, ಆದ್ದರಿಂದ ಸಿಡಿ, ಡಿವಿಡಿ ಎರಡನ್ನೂ ಓದುತ್ತದೆ. ನೀಲಿ ಲೇಸರ್ ಇರುವುದಿಲ್ಲ, ಆದ್ದರಿಂದ ಯಾವ ಸಾಫ್ಟ್‌ವೇರ್ ಹಾಕಿದರೂ ಬ್ಲೂ-ರೇ ಓದಲಾರದು. ನಿಮ್ಮಲ್ಲಿ ಬ್ಲೂ-ರೇ ಡಿಸ್ಕ್‌ಗಳಿದ್ದರೆ ಬ್ಲೂ-ರೇ ಡ್ರೈವನ್ನೇ ಕೊಳ್ಳಬೇಕು. ಅದು ಸಾಮಾನ್ಯವಾಗಿ ಸಿಡಿ, ಡಿವಿಡಿಗಳನ್ನೂ ಓದುತ್ತದೆ.

ಧಾರಣಶಕ್ತಿ ಹೀಗೆ: ಸಿಡಿ ಸುಮಾರು 700 ಎಂಬಿ, ಒಂದು ಪದರದ ಡಿವಿಡಿ 4.7 ಜಿಬಿ, ಎರಡು ಪದರದ್ದು 8.5 ಜಿಬಿ, ಬ್ಲೂ-ರೇ 25 ಮತ್ತು 50 ಜಿಬಿ. ಡಿವಿಡಿಯ 4.7 ಎಂಬುದು ಸಾವಿರದ ಲೆಕ್ಕ. ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುವುದರಿಂದ ಅದೇ ಡಿಸ್ಕ್ 4.37 ಜಿಬಿ ಎಂದು ಕಾಣುತ್ತದೆ. 4.5 ಜಿಬಿಯ ಫೋಲ್ಡರ್ 'ಹಿಡಿಸುತ್ತಿಲ್ಲ' ಎಂದು ಕಂಪ್ಯೂಟರ್ ಹೇಳಿದರೆ ಅದು ಸರಿಯಾಗಿಯೇ ಹೇಳುತ್ತಿದೆ.

ಪೆಟ್ಟಿಗೆಯ ಮೇಲಿನ ಬರಹ

'ಡಿವಿಡಿ-ರೋಮ್ ಡ್ರೈವ್' ಎಂದರೆ ಬರೀ ಓದುತ್ತದೆ. 'ಕಾಂಬೋ' ಎಂದಿದ್ದರೆ ಡಿವಿಡಿ ಓದುತ್ತದೆ, ಸಿಡಿ ಮಾತ್ರ ಬರೆಯುತ್ತದೆ. 'ರೈಟರ್' ಎಂದರೆ ಎರಡನ್ನೂ ಓದಿ ಎರಡನ್ನೂ ಬರೆಯುತ್ತದೆ. ಈಗ ಸಿಗುವವುಗಳಲ್ಲಿ ಹೆಚ್ಚಿನವು ರೈಟರ್‌ಗಳೇ.

ಪ್ಲಸ್ ಆರ್, ಮೈನಸ್ ಆರ್ ಎಂಬುವು ಒಮ್ಮೆ ಮಾತ್ರ ಬರೆಯಬಹುದಾದ ಡಿವಿಡಿಯ ಎರಡು ಪಂಗಡಗಳು. ಕೊನೆಗೆ ಆರ್‌ಡಬ್ಲ್ಯು ಇದ್ದರೆ ಅಳಿಸಿ ಮತ್ತೆ ಬರೆಯಬಹುದು. ಡಿಎಲ್ ಎಂದರೆ ಎರಡು ಪದರ. ಒಂದು ಕಾಲಕ್ಕೆ ಡ್ರೈವ್‌ಗಳು ಪ್ಲಸ್ ಅಥವಾ ಮೈನಸ್ ಯಾವುದಾದರೂ ಒಂದನ್ನೇ ಒಪ್ಪುತ್ತಿದ್ದವು. ಇಂದಿನವು ಎರಡನ್ನೂ ಒಪ್ಪುತ್ತವೆ, ತಲೆಕೆಡಿಸಿಕೊಳ್ಳಬೇಕಿಲ್ಲ. ತೀರಾ ಹಳೆಯ ಟಿವಿ ಪ್ಲೇಯರ್‌ನಲ್ಲಿ ಹಾಕುವ ಉದ್ದೇಶವಿದ್ದರೆ ಮಾತ್ರ ಮೈನಸ್ ಆರ್ ಹೆಚ್ಚು ಭರವಸೆಯದು.

ವೇಗವನ್ನು 8ಎಕ್ಸ್, 24ಎಕ್ಸ್ ಎಂದು ಬರೆದಿರುತ್ತಾರೆ. ಸಿಡಿಯ 1ಎಕ್ಸ್ ಎಂದರೆ ಸೆಕೆಂಡಿಗೆ 150 ಕೆಬಿ. ಡಿವಿಡಿಯ 1ಎಕ್ಸ್ ಎಂದರೆ ಸೆಕೆಂಡಿಗೆ ಸುಮಾರು 1.385 ಎಂಬಿ. ಹಾಗಾಗಿ ಸಿಡಿಯ 24ಎಕ್ಸ್ ನಿಜದಲ್ಲಿ ಸೆಕೆಂಡಿಗೆ 3.6 ಎಂಬಿ, ಡಿವಿಡಿಯ 8ಎಕ್ಸ್ ಸುಮಾರು 11 ಎಂಬಿ. ದೊಡ್ಡ ಅಂಕಿ ಇರುವುದು ನಿಧಾನದ್ದು! ತೆಳು ಡ್ರೈವ್‌ಗಳೆಲ್ಲ ಹೆಚ್ಚುಕಡಿಮೆ ಈ ಎರಡು ಅಂಕಿಗಳಲ್ಲೇ ನಿಲ್ಲುತ್ತವೆ. ವೇಗ ನೋಡಿ ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸಲು ಅಲ್ಲಿ ಏನೂ ಇಲ್ಲ.

ಯುಎಸ್‌ಬಿ 2.0 ಸಾಕೇ? ಸಾಕು. ಅದರ ಗರಿಷ್ಠ ಮಿತಿ ಸೆಕೆಂಡಿಗೆ 480 ಮೆಗಾಬಿಟ್, ಅಂದರೆ 60 ಎಂಬಿ. ಬಳಕೆಯಲ್ಲಿ 30ರಿಂದ 40 ಎಂಬಿ ಸಿಕ್ಕರೂ ಡ್ರೈವ್‌ಗೆ ಬೇಕಾದ 11ಕ್ಕಿಂತ ಅದು ಬಹಳ ಹೆಚ್ಚು. ಯುಎಸ್‌ಬಿ 3.0ರ ನೀಲಿ ಬಣ್ಣದ ಪ್ಲಗ್ ಇದೆ ಎಂದು ಡಿವಿಡಿ ಬೇಗ ನಕಲಾಗುವುದಿಲ್ಲ. ಟೈಪ್-ಸಿ ಎಂಬುದು ಪ್ಲಗ್‌ನ ಆಕಾರದ ಹೆಸರು, ವೇಗದ ಹೆಸರಲ್ಲ. ಯುಎಸ್‌ಬಿ 3.0ರಿಂದ ನಿಜವಾಗಿ ಆಗುವ ಉಪಕಾರ ಬೇರೆಯೇ ಇದೆ.

ಎಲ್ಲ ತೊಂದರೆಗಳ ತಾಯಿಬೇರು: ಕರೆಂಟ್

ಯುಎಸ್‌ಬಿ 2.0 ಪೋರ್ಟ್ ನಿಯಮದ ಪ್ರಕಾರ ಕೊಡಬೇಕಾದದ್ದು 5 ವೋಲ್ಟ್‌ನಲ್ಲಿ 500 ಮಿಲಿಆಂಪಿಯರ್. ಯುಎಸ್‌ಬಿ 3.0 ಪೋರ್ಟ್ 900 ಕೊಡುತ್ತದೆ. ಡಿವಿಡಿ ಡ್ರೈವ್ ಒಮ್ಮೆ ವೇಗ ಹಿಡಿದ ಮೇಲೆ ಇಷ್ಟರಲ್ಲೇ ಸುಧಾರಿಸಿಕೊಳ್ಳುತ್ತದೆ. ಕಷ್ಟವಿರುವುದು ಶುರುವಿನಲ್ಲಿ. ನಿಂತ ಗಾಡಿಯನ್ನು ತಳ್ಳಲು ಮೊದಲ ಕ್ಷಣ ಹೆಚ್ಚು ಬಲ ಬೇಕಾದಂತೆ, ನಿಂತ ಡಿಸ್ಕನ್ನು ತಿರುಗಿಸಲು ಮೋಟಾರು ಒಮ್ಮೆಗೇ ಜೋರಾಗಿ ಕರೆಂಟ್ ಎಳೆಯುತ್ತದೆ. ಆ ಕ್ಷಣದಲ್ಲಿ ಬೇಡಿಕೆ 1 ಆಂಪಿಯರ್ ಮುಟ್ಟಬಹುದು, ದಾಟಲೂಬಹುದು. ಬರೆಯುವಾಗ ಲೇಸರ್ ಜೋರಾಗಿ ಉರಿಯುವುದರಿಂದ ಆಗಲೂ ಬೇಡಿಕೆ ಏರುತ್ತದೆ.

ಪೋರ್ಟ್ ಅಷ್ಟು ಕೊಡಲಾರದಾಗ 5 ವೋಲ್ಟ್ ಕುಸಿಯುತ್ತದೆ, ಡ್ರೈವ್‌ನ ಚಿಪ್ ಅರೆಕ್ಷಣ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಇದರ ಲಕ್ಷಣಗಳನ್ನು ಒಮ್ಮೆ ಗುರುತು ಹಿಡಿದರೆ ಮರೆಯುವುದಿಲ್ಲ. ಡಿಸ್ಕ್ ತಿರುಗಲು ಶುರುವಾಗಿ ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ. ವಿಂಡೋಸ್‌ನಲ್ಲಿ ಸಾಧನ ಜೋಡಿಸಿದ, ಕಳಚಿದ ಸದ್ದು ಒಂದರ ಹಿಂದೆ ಒಂದು ಕೇಳುತ್ತದೆ. ಸಿಡಿ ಓದುತ್ತದೆ, ಡಿವಿಡಿ ಹಾಕಿದರೆ ಮಾಯವಾಗುತ್ತದೆ. ಓದುವುದೆಲ್ಲ ಸರಿ, ಬರೆಯುವಾಗ ಅರ್ಧದಲ್ಲಿ ತಪ್ಪು ತೋರಿಸಿ ಡಿಸ್ಕ್ ಹಾಳಾಗುತ್ತದೆ. ಈ ಪೈಕಿ ಯಾವುದು ಕಂಡರೂ ಮೊದಲ ಅನುಮಾನ ಕರೆಂಟ್ ಮೇಲಿರಲಿ.

ಪರಿಹಾರವನ್ನು ಖರ್ಚಿಲ್ಲದ್ದರಿಂದ ಶುರು ಮಾಡಿ. ಒಂದು ಪೋರ್ಟನ್ನು ಹಲವಾಗಿಸುವ ಹಬ್‌ಗೆ ಡ್ರೈವ್ ಹಾಕಿದ್ದರೆ ಅದರಿಂದ ಕಳಚಿ ಕಂಪ್ಯೂಟರಿನ ಪೋರ್ಟ್‌ಗೇ ನೇರವಾಗಿ ಹಾಕಿ. ಡೆಸ್ಕ್‌ಟಾಪ್ ಆದರೆ ಮುಂಭಾಗದ ಪೋರ್ಟ್ ಬಿಟ್ಟು ಹಿಂಭಾಗದ್ದಕ್ಕೆ ಹಾಕಿ. ಮುಂಭಾಗದ್ದು ಒಳಗೆ ಉದ್ದದ ತಂತಿಯಿಂದ ಮದರ್‌ಬೋರ್ಡ್‌ಗೆ ಸೇರಿರುತ್ತದೆ, ಹಿಂದಿನದು ಬೋರ್ಡ್ ಮೇಲೇ ಇರುತ್ತದೆ. ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ಇದ್ದರೆ ತೆಗೆಯಿರಿ. ಡ್ರೈವ್ ಜೊತೆ ಬಂದ ಕೇಬಲ್ ಗಿಡ್ಡವಾಗಿರುವುದಕ್ಕೆ ಕಾರಣವಿದೆ: ತಂತಿ ಉದ್ದವೂ ತೆಳ್ಳಗೂ ಆದಷ್ಟು ಕೊನೆಯಲ್ಲಿ ಸಿಗುವ ವೋಲ್ಟೇಜ್ ಕಡಿಮೆ. ಫೋನ್ ಚಾರ್ಜ್ ಮಾಡುವ ಯಾವುದೋ ಕೇಬಲ್ ಹಾಕಬೇಡಿ. ಅವುಗಳಲ್ಲಿ ಕೆಲವಕ್ಕೆ ಡೇಟಾ ತಂತಿಯೇ ಇರುವುದಿಲ್ಲ.

ಇಷ್ಟಾದರೂ ಸರಿಹೋಗದಿದ್ದರೆ ಎರಡು ದಾರಿ. ಒಂದು, ವೈ ಆಕಾರದ ಕೇಬಲ್. ಇದರ ಒಂದು ಪ್ಲಗ್ ಡೇಟಾ ಮತ್ತು ಕರೆಂಟ್ ಎರಡನ್ನೂ ಒಯ್ಯುತ್ತದೆ, ಇನ್ನೊಂದು ಬರೀ ಕರೆಂಟನ್ನು. ಎರಡನ್ನೂ ಹಾಕಬೇಕು. ಇನ್ನೊಂದು, ಸ್ವಂತ ಅಡಾಪ್ಟರ್ ಇರುವ ಹಬ್. ನನ್ನ ಆಯ್ಕೆ ಎರಡನೆಯದು. ಅದು ಬೇರೆ ಸಾಧನಗಳಿಗೂ ಬರುತ್ತದೆ, ಪ್ರತಿ ಸಲ ಎರಡು ಪೋರ್ಟ್ ತಡಕುವ ಗೋಜೂ ಇಲ್ಲ. ಕೆಲವು ಡ್ರೈವ್‌ಗಳ ಬೆನ್ನಿಗೆ 5 ವೋಲ್ಟಿನ ಗುಂಡು ಸಾಕೆಟ್ ಇರುತ್ತದೆ. ಅದಕ್ಕೆ ರೂಟರ್‌ನ 12 ವೋಲ್ಟ್ ಅಡಾಪ್ಟರ್ ಹೊಂದಿಕೊಂಡರೂ ಹಾಕಬಾರದು, ಡ್ರೈವ್ ಸುಟ್ಟುಹೋಗುತ್ತದೆ.

ಕೊಳ್ಳುವ ಮೊದಲು

ಕಂಪ್ಯೂಟರಿನಲ್ಲಿ ಯಾವ ಪೋರ್ಟ್ ಇದೆ ನೋಡಿಕೊಳ್ಳಿ. ಟೈಪ್-ಸಿ ಮಾತ್ರ ಇರುವ ಲ್ಯಾಪ್‌ಟಾಪ್‌ಗೆ ಟೈಪ್-ಸಿ ಪ್ಲಗ್ ಇರುವ ಡ್ರೈವೇ ಒಳ್ಳೆಯದು. ನಡುವೆ ಅಡಾಪ್ಟರ್ ಬಂದಷ್ಟೂ ಸಡಿಲವಾಗುವ ಜಾಗ ಹೆಚ್ಚುತ್ತದೆ. ಕೇಬಲ್ ಡ್ರೈವ್‌ಗೇ ಅಂಟಿಕೊಂಡಿದೆಯೇ, ಬಿಚ್ಚಿ ಬೇರೆಯದು ಹಾಕಬಹುದೇ ಎಂಬುದನ್ನು ಯಾರೂ ಕೇಳುವುದಿಲ್ಲ, ಆದರೆ ಕೇಳಬೇಕಾದ ಪ್ರಶ್ನೆ ಅದೇ. ಅಂಟಿಕೊಂಡ ಕೇಬಲನ್ನು ಡ್ರೈವ್ ಹೊಟ್ಟೆಯ ಕೆಳಗಿನ ಸಂದಿಯಲ್ಲಿ ಮಡಿಚಿಡುವುದು ಚೆಂದ ಕಾಣುತ್ತದೆ. ಮಡಿಚುವ ಮೂಲೆಯಲ್ಲೇ ಒಂದು ದಿನ ತಂತಿ ತುಂಡಾಗುತ್ತದೆ. ಬಿಚ್ಚುವಂಥದ್ದಾದರೆ ಕೇಬಲ್ ಬದಲಿಸಿದರೆ ಸಾಕು.

ಟ್ರೇ ಹೊರಬರುವ ಮಾದರಿಯೇ ಮೇಲು. ಸೀಳಿನಲ್ಲಿ ಡಿಸ್ಕ್ ನುಂಗುವ ಮಾದರಿ ನೋಡಲು ಸೊಗಸು, ಆದರೆ 8 ಸೆಂಟಿಮೀಟರಿನ ಚಿಕ್ಕ ಡಿಸ್ಕ್ ಹಾಕಿದರೆ ಒಳಗೇ ಸಿಕ್ಕಿಕೊಳ್ಳಬಹುದು. ಹಳೆಯ ಹ್ಯಾಂಡಿಕ್ಯಾಮ್ ಡಿವಿಡಿಗಳು ಈ ಅಳತೆಯವು.

ಹೆಸರಿಲ್ಲದ ಅಗ್ಗದ ಡ್ರೈವ್‌ಗಳಲ್ಲಿ ಹಳೆಯ ಲ್ಯಾಪ್‌ಟಾಪ್‌ಗಳಿಂದ ಕಳಚಿದ ಡ್ರೈವ್ ಹಾಕಿರುವುದುಂಟು. ಹೊರಗಿನ ಕವಚ ಹೊಸದು, ಒಳಗಿನ ಲೇಸರ್ ವರ್ಷಗಟ್ಟಲೆ ದುಡಿದದ್ದು. ಇದನ್ನು ತಿಳಿಯಲು ವಿಂಡೋಸ್‌ನ ಡಿವೈಸ್ ಮ್ಯಾನೇಜರ್ ತೆರೆದು ಡಿವಿಡಿ ಡ್ರೈವ್ ಸಾಲಿನಲ್ಲಿ ಬರುವ ಹೆಸರು ನೋಡಿ. ಎಚ್‌ಎಲ್-ಡಿಟಿ-ಎಸ್‌ಟಿ ಎಂದರೆ ಹಿಟಾಚಿ-ಎಲ್‌ಜಿ, ಟಿಎಸ್‌ಎಸ್‌ಟಿಕಾರ್ಪ್ ಎಂದರೆ ತೋಶಿಬಾ-ಸ್ಯಾಮ್‌ಸಂಗ್, ಮ್ಯಾಟ್‌ಶಿಟಾ ಎಂದರೆ ಪ್ಯಾನಾಸೋನಿಕ್. ಜೊತೆಗಿರುವ ಮಾದರಿ ಸಂಖ್ಯೆಯನ್ನು ಹುಡುಕಿದರೆ ಅದು ಯಾವ ಕಾಲದ ಡ್ರೈವ್ ಎಂದು ತಿಳಿಯುತ್ತದೆ. ಹಿಂದಿರುಗಿಸುವ ಅವಧಿ ಮುಗಿಯುವುದರೊಳಗೆ ಇದನ್ನು ನೋಡಿಬಿಡಿ. ಅದೇ ವಾರ ಒಂದು ಸಿಡಿ, ಅಂಗಡಿಯಲ್ಲಿ ಕೊಂಡ ಒಂದು ಡಿವಿಡಿ, ಮನೆಯಲ್ಲಿ ಬರೆದ ಒಂದು ಡಿವಿಡಿ, ಮೂರನ್ನೂ ಓದಿಸಿ ನೋಡಿ.

ಟಿವಿಗೆ, ಫೋನಿಗೆ ಜೋಡಿಸಿ ಸಿನಿಮಾ ನೋಡಬೇಕೆಂದು ಡ್ರೈವ್ ಕೊಳ್ಳುವವರಿದ್ದಾರೆ. ಸಾಮಾನ್ಯವಾಗಿ ಅದು ಆಗದ ಕೆಲಸ. ಟಿವಿಯ ಯುಎಸ್‌ಬಿ ಪೋರ್ಟ್ ಪೆನ್‌ಡ್ರೈವ್, ಹಾರ್ಡ್‌ಡಿಸ್ಕ್‌ಗಳನ್ನು ಗುರುತಿಸುತ್ತದೆ. ಡಿವಿಡಿ ಡ್ರೈವ್ ಬೇರೆ ಬಗೆಯ ಆದೇಶಗಳಿಗೆ ಉತ್ತರಿಸುವ ಸಾಧನವಾದ್ದರಿಂದ ಟಿವಿಗೆ ಅದರ ಪರಿಚಯವಿರುವುದಿಲ್ಲ. ಟಿವಿಗೆ ಬೇಕಿರುವುದು ಎಚ್‌ಡಿಎಂಐ ಇರುವ ಡಿವಿಡಿ ಪ್ಲೇಯರ್.

ಡಿಸ್ಕ್ ಕೂರಿಸುವ ಬಗೆ

ಡೆಸ್ಕ್‌ಟಾಪ್‌ಗಳ ದೊಡ್ಡ ಡ್ರೈವ್‌ನಲ್ಲಿ ಡಿಸ್ಕನ್ನು ಟ್ರೇ ಮೇಲೆ ಇಟ್ಟರೆ ಸಾಕಿತ್ತು, ಉಳಿದದ್ದನ್ನು ಯಂತ್ರ ನೋಡಿಕೊಳ್ಳುತ್ತಿತ್ತು. ತೆಳು ಡ್ರೈವ್‌ನಲ್ಲಿ ಹಾಗಲ್ಲ. ಗುಂಡಿ ಒತ್ತಿದರೆ ಟ್ರೇ ಒಂದೆರಡು ಸೆಂಟಿಮೀಟರ್ ಮಾತ್ರ ಹೊರಗೆ ಪುಟಿಯುತ್ತದೆ, ಪೂರ್ತಿ ಎಳೆಯಬೇಕಾದ್ದು ನೀವು. ನಡುವೆ ಒಂದು ಕುಬ್ಜ ಕಂಬ ಕಾಣುತ್ತದೆ. ಅದರ ಸುತ್ತ ಸ್ಪ್ರಿಂಗ್ ಹಿಂದಿರುವ ಮೂರು ಪುಟ್ಟ ಗುಬುಟುಗಳಿವೆ. ಡಿಸ್ಕಿನ ತೂತನ್ನು ಅದರ ಮೇಲಿಟ್ಟು, ಎರಡು ಹೆಬ್ಬೆರಳಿನಿಂದ ತೂತಿನ ಅಂಚನ್ನೇ ಒತ್ತಬೇಕು, 'ಟಕ್' ಎನ್ನುವ ತನಕ. ಒತ್ತುವಾಗ ಉಳಿದ ಬೆರಳುಗಳು ಟ್ರೇಯ ಕೆಳಗೆ ಆಸರೆಯಾಗಿರಲಿ. ಇಲ್ಲದಿದ್ದರೆ ಟ್ರೇ ಬಾಗಿ ಅದರ ಹಳಿ ಸೊಟ್ಟಗಾಗುತ್ತದೆ.

ಕೂರಿಸಿದ ಮೇಲೆ ಡಿಸ್ಕನ್ನು ಬೆರಳಿನಿಂದ ಮೆಲ್ಲಗೆ ಒಂದು ಸುತ್ತು ತಿರುಗಿಸಿ. ಎಲ್ಲೂ ತಾಗದೆ ಸಮವಾಗಿ ತಿರುಗಿದರೆ ಸರಿ. ಒಂದು ಗುಬುಟು ಸಿಗದೆ ಓರೆಯಾಗಿದ್ದರೂ ಒಳಗೆ ಗರಗರ ಸದ್ದು ಬರುತ್ತದೆ, ಡಿಸ್ಕಿಗೆ ವೃತ್ತಾಕಾರದ ಗೀರು ಬೀಳುತ್ತದೆ. ತೆಗೆಯುವಾಗ ನಡುವಿನ ಕಂಬವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಅಂಚನ್ನು ಮೇಲೆತ್ತಿ. ಅಂಚು ಹಿಡಿದು ಜಗ್ಗಿದರೆ ಡಿಸ್ಕ್ ನಡುವಿನಿಂದ ಸೀಳುತ್ತದೆ.

ತೆಳು ಡ್ರೈವ್‌ನ ಲೆನ್ಸ್ ಇರುವುದು ಟ್ರೇ ಮೇಲೇ, ತೆರೆದಾಗಲೆಲ್ಲ ದೂಳಿಗೂ ಬೆರಳಿಗೂ ಎದುರಾಗಿ. ಆದ್ದರಿಂದ ಟ್ರೇ ತೆರೆದಿಟ್ಟು ಎದ್ದುಹೋಗಬೇಡಿ.

8ಎಕ್ಸ್‌ನಲ್ಲಿ ಡಿವಿಡಿ ನಿಮಿಷಕ್ಕೆ ಸುಮಾರು 4600 ಸುತ್ತು ತಿರುಗುತ್ತದೆ. ಡ್ರೈವ್ ಮೇಜಿನ ಮೇಲೆ ಸಮತಟ್ಟಾಗಿರಬೇಕು, ಹಾಸಿಗೆ ಅಥವಾ ತೊಡೆ ಮೇಲಲ್ಲ. ತಿರುಗುವಾಗ ಎತ್ತಿದರೆ, ಓರೆ ಮಾಡಿದರೆ ಡಿಸ್ಕ್ ಲೆನ್ಸಿಗೆ ತಾಗಬಹುದು. ಡಿಸ್ಕ್ ಮೇಲೆ ಕಾಗದದ ಚೀಟಿ ಅಂಟಿಸಿದ್ದರೆ ಈ ವೇಗದಲ್ಲಿ ಸಮತೋಲ ತಪ್ಪಿ ಡ್ರೈವ್ ಇಡೀ ನಡುಗುತ್ತದೆ. ಚೀಟಿ ಬದಲು ಮೆತ್ತನೆ ತುದಿಯ ಮಾರ್ಕರಿನಿಂದ, ತೂತಿನ ಸುತ್ತಲಿನ ಪಾರದರ್ಶಕ ಭಾಗದಲ್ಲಿ ಬರೆಯಿರಿ.

ಸಿನಿಮಾ ಓಡದಿದ್ದರೆ

ಡ್ರೈವ್ ಜೋಡಿಸಿದೊಡನೆ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರೂ ತಾವೇ ಗುರುತಿಸುತ್ತವೆ, ಡ್ರೈವರ್ ಬೇಕಿಲ್ಲ. ಡಿವಿಡಿಯ ಫೈಲ್‌ಗಳು ಕಾಣುತ್ತವೆ, ಸಿನಿಮಾ ಮಾತ್ರ ಓಡುವುದಿಲ್ಲ ಎಂದರೆ ಕಾರಣ ಡ್ರೈವ್ ಅಲ್ಲ. ವಿಂಡೋಸ್ 8ರಿಂದೀಚೆಗೆ ಡಿವಿಡಿ ಸಿನಿಮಾ ತೋರಿಸುವ ಸೌಲಭ್ಯವನ್ನು ಮೈಕ್ರೋಸಾಫ್ಟ್ ವಿಂಡೋಸ್ ಜೊತೆಗೇ ಕೊಡುವುದನ್ನು ನಿಲ್ಲಿಸಿದೆ. ಉಚಿತವಾಗಿ ಸಿಗುವ ವಿಎಲ್‌ಸಿ ಪ್ಲೇಯರ್ ಹಾಕಿಕೊಂಡರೆ ಸಮಸ್ಯೆ ಮುಗಿಯಿತು. ಮ್ಯಾಕ್‌ನಲ್ಲಿ ಡಿವಿಡಿ ಪ್ಲೇಯರ್ ಎಂಬ ಆ್ಯಪ್ ಮೊದಲೇ ಇರುತ್ತದೆ.

ವಿಎಲ್‌ಸಿಯೂ ಸೋತರೆ ಪ್ರದೇಶ ಸಂಕೇತ ನೋಡಿ. ಸಿನಿಮಾ ಕಂಪನಿಗಳು ಜಗತ್ತನ್ನು ವಿಭಾಗಿಸಿ ಡಿವಿಡಿಗಳಿಗೆ ಸಂಖ್ಯೆ ಕೊಟ್ಟಿದ್ದವು. ಅಮೆರಿಕ, ಕೆನಡಾಕ್ಕೆ 1, ಪಶ್ಚಿಮ ಯುರೋಪ್, ಜಪಾನ್‌ಗೆ 2, ಭಾರತಕ್ಕೆ 5. ಡ್ರೈವ್‌ನ ಪ್ರದೇಶ ಡಿಸ್ಕಿನದಕ್ಕೆ ಹೊಂದಬೇಕು. ಡ್ರೈವ್‌ನಲ್ಲಿ ಇದನ್ನು ಐದು ಸಲ ಮಾತ್ರ ಬದಲಿಸಬಹುದು. ಐದನೆಯ ಸಲ ಇಟ್ಟದ್ದೇ ಶಾಶ್ವತ. ವಿಂಡೋಸ್ ಮರುಸ್ಥಾಪಿಸಿದರೂ, ಡ್ರೈವನ್ನು ಬೇರೆ ಕಂಪ್ಯೂಟರಿಗೆ ಹಾಕಿದರೂ ಆ ಎಣಿಕೆ ಹಿಂದಕ್ಕೆ ಹೋಗುವುದಿಲ್ಲ, ಏಕೆಂದರೆ ಅದು ಡ್ರೈವ್‌ನೊಳಗೇ ದಾಖಲಾಗುತ್ತದೆ. ಒಂದು ವಿದೇಶಿ ಡಿಸ್ಕ್ ನೋಡುವ ಆಸೆಗೆ ಕೇಳಿದ್ದಕ್ಕೆಲ್ಲ 'ಸರಿ' ಎಂದು ಒತ್ತಬೇಡಿ. ಮನೆಯಲ್ಲಿ ಬರೆದ ಡಿಸ್ಕ್‌ಗಳಿಗೂ ಸ್ಕ್ಯಾನಿಂಗ್ ಸಿಡಿಗಳಿಗೂ ಈ ಕಾಟವಿಲ್ಲ.

ಡಿಸ್ಕ್‌ನಿಂದ ಕಂಪ್ಯೂಟರಿಗೆ

ಹೊರಗಿನ ಡ್ರೈವ್‌ನ ಅತ್ಯುತ್ತಮ ಬಳಕೆ ಇದೇ: ಡಿಸ್ಕ್ ಇನ್ನೂ ಓದುತ್ತಿರುವಾಗಲೇ ಅದರಲ್ಲಿರುವುದನ್ನು ಹೊರತೆಗೆಯುವುದು. ಮನೆಯಲ್ಲಿ ಬರೆದ ಡಿಸ್ಕ್‌ಗಳಲ್ಲಿ ಮಾಹಿತಿ ಇರುವುದು ಬಣ್ಣದ ರಾಸಾಯನಿಕದ ಪದರದಲ್ಲಿ. ಬಿಸಿಲು, ಸೆಕೆ, ತೇವದಲ್ಲಿ ಅದು ಮಾಸುತ್ತದೆ. ಹತ್ತು ಹದಿನೈದು ವರ್ಷದ ಡಿಸ್ಕ್‌ಗಳಾದರೆ ಇನ್ನು ತಡಮಾಡುವುದು ಬೇಡ.

ಸ್ಕ್ಯಾನಿಂಗ್ ಸಿಡಿಯ ಚಿತ್ರಗಳು ಡೈಕಾಮ್ ಎಂಬ ವೈದ್ಯಕೀಯ ಮಾದರಿಯಲ್ಲಿರುತ್ತವೆ. ನೂರಾರು ಫೈಲ್‌ಗಳು, ಹಲವಕ್ಕೆ ಹೆಸರಿನ ಕೊನೆಯ ಬಾಲವೂ ಇರುವುದಿಲ್ಲ. ಜೊತೆಗೆ 'ಡೈಕಾಮ್‌ಡಿರ್' ಎಂಬ ಒಂದು ಫೈಲ್ ಇರುತ್ತದೆ, ಅದೇ ಅವುಗಳ ಪಟ್ಟಿ. ಬೇಕಾದ ಚಿತ್ರ ಮಾತ್ರ ಎತ್ತಿಕೊಳ್ಳುತ್ತೇನೆ ಎಂದು ಹೋದರೆ ಆ ಪಟ್ಟಿ ತಪ್ಪಿಹೋಗುತ್ತದೆ. ಇಡೀ ಸಿಡಿಯನ್ನು ಒಂದು ಫೋಲ್ಡರ್‌ಗೆ ನಕಲು ಮಾಡಿ, ರೋಗಿಯ ಹೆಸರು, ದಿನಾಂಕ ಹಾಕಿ. ಸಿಡಿಯಲ್ಲೇ ಬರುವ ನೋಡುವ ಪ್ರೋಗ್ರಾಂ ಸಾಮಾನ್ಯವಾಗಿ ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ. ಅದು ಓಡದಿದ್ದರೆ ವಿಂಡೋಸ್‌ಗೆ ಮೈಕ್ರೋಡೈಕಾಮ್, ಮ್ಯಾಕ್‌ಗೆ ಹೋರೋಸ್ ಇವೆ.

ಹಾಡಿನ ಸಿಡಿ ತೆರೆದರೆ ವಿಂಡೋಸ್‌ನಲ್ಲಿ ಸಿಡಿಎ ಎಂಬ ಬಾಲದ, ತಲಾ 44 ಬೈಟ್‌ಗಳ ಫೈಲ್‌ಗಳು ಕಾಣುತ್ತವೆ. ಅವು ಹಾಡುಗಳಲ್ಲ, ಹಾಡು ಡಿಸ್ಕಿನ ಯಾವ ಭಾಗದಲ್ಲಿದೆ ಎಂಬ ಗುರುತು ಮಾತ್ರ. ಅವನ್ನು ನಕಲು ಮಾಡಿ ಸಿಡಿಯನ್ನು ಬಿಸಾಡಿದರೆ ಉಳಿಯುವುದು ಏನೂ ಇಲ್ಲ. ಹಾಡು ತೆಗೆಯಲು 'ರಿಪ್' ಮಾಡುವ ಸಾಫ್ಟ್‌ವೇರ್ ಬೇಕು. ವಿಂಡೋಸ್ ಮೀಡಿಯಾ ಪ್ಲೇಯರ್ ಸಾಕು, ಗೀರಿರುವ ಸಿಡಿಗಳಿಗೆ ಎಕ್ಸಾಕ್ಟ್ ಆಡಿಯೋ ಕಾಪಿ ಚೆನ್ನಾಗಿದೆ.

ಮದುವೆ, ಹುಟ್ಟುಹಬ್ಬದ ಡಿವಿಡಿಯಲ್ಲಿ 'ವಿಡಿಯೋ ಟಿಎಸ್' ಎಂಬ ಫೋಲ್ಡರ್ ಇರುತ್ತದೆ, ಅದರೊಳಗೆ ವಿಓಬಿ ಬಾಲದ ಫೈಲ್‌ಗಳು. ಒಂದೊಂದೂ ಗರಿಷ್ಠ 1 ಜಿಬಿ. ಮೊದಲು ಇಡೀ ಫೋಲ್ಡರನ್ನು ನಕಲು ಮಾಡಿಟ್ಟುಕೊಳ್ಳಿ, ಅದು ಮೂಲ ಪ್ರತಿ. ಫೋನಿನಲ್ಲಿ, ಟಿವಿಯಲ್ಲಿ ನೋಡಲು ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಫ್ಟ್‌ವೇರಿನಿಂದ ಎಂಪಿ4 ಮಾಡಿ. ಜನ ಕದಲುವಾಗ ಅಂಚುಗಳಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆ ಕಂಡರೆ ಅದರಲ್ಲಿ ಡಿಇಂಟರ್ಲೇಸ್ ಆಯ್ಕೆ ಹಾಕಿ. ಹಳೆಯ ಕ್ಯಾಮರಾಗಳು ಪ್ರತಿ ಚಿತ್ರವನ್ನು ಎರಡು ಕಂತಿನಲ್ಲಿ ಬರೆಯುತ್ತಿದ್ದುದರ ಗುರುತದು. ಅಂಗಡಿಯಲ್ಲಿ ಕೊಂಡ ಸಿನಿಮಾ ಡಿವಿಡಿಗಳಿಗೆ ಸಾಮಾನ್ಯವಾಗಿ ನಕಲು ತಡೆ ಇರುತ್ತದೆ. ಅವಕ್ಕೆ ಆಯಾ ದೇಶದ ಹಕ್ಕುಸ್ವಾಮ್ಯ ಕಾನೂನು ಅನ್ವಯಿಸುತ್ತದೆ.

ಹ್ಯಾಂಡಿಕ್ಯಾಮ್‌ನ 8 ಸೆಂಟಿಮೀಟರ್ ಡಿಸ್ಕ್ ಹಾಕಿದಾಗ ಕಂಪ್ಯೂಟರ್ 'ಖಾಲಿ ಡಿಸ್ಕ್' ಎಂದು ಹೇಳಿ ಎದೆ ಧಸಕ್ಕೆನಿಸುವುದುಂಟು. ವಿಡಿಯೋ ಅಳಿಸಿಹೋಗಿಲ್ಲ. ಚಿತ್ರೀಕರಣದ ನಂತರ ಡಿಸ್ಕನ್ನು 'ಫೈನಲೈಸ್' ಮಾಡದೆ ಬಿಟ್ಟಿದ್ದಾರೆ, ಅಂದರೆ ಕೊನೆಯ ವಿಷಯಸೂಚಿ ಬರೆದಿಲ್ಲ. ಆ ಕ್ಯಾಮರಾ ಇನ್ನೂ ಇದ್ದರೆ ಅದರಲ್ಲೇ ಹಾಕಿ ಫೈನಲೈಸ್ ಮಾಡಿ. ಅಂಥ ಡಿಸ್ಕಿಗೆ ವಿಂಡೋಸ್ 'ಫಾರ್ಮ್ಯಾಟ್ ಮಾಡಲೇ' ಎಂದು ಕೇಳಿದರೆ ಮಾತ್ರ ಯಾವ ಕಾರಣಕ್ಕೂ ಒಪ್ಪಬೇಡಿ.

ಬರೆಯುವುದು

ಖಾಲಿ ಡಿಸ್ಕ್ ಹಾಕಿದಾಗ ವಿಂಡೋಸ್ ಎರಡು ಆಯ್ಕೆ ಕೊಡುತ್ತದೆ. ಪೆನ್‌ಡ್ರೈವ್‌ನಂತೆ ಬಳಸುವುದು ಒಂದು, ಸಿಡಿ-ಡಿವಿಡಿ ಪ್ಲೇಯರ್ ಜೊತೆ ಬಳಸುವುದು ಇನ್ನೊಂದು. ಬೇರೆಯವರಿಗೆ ಕೊಡುವ ಡಿಸ್ಕಾದರೆ ಎರಡನೆಯದನ್ನೇ ಆರಿಸಿ. ಮೊದಲನೆಯ ಬಗೆಯ ಡಿಸ್ಕನ್ನು ಹಲವು ಪ್ಲೇಯರ್‌ಗಳು ಓದುವುದಿಲ್ಲ. ಎಂಪಿ4 ಫೈಲನ್ನು ಹಾಗೇ ಡಿಸ್ಕಿಗೆ ಹಾಕಿದರೆ ಅದು ಡೇಟಾ ಡಿಸ್ಕ್ ಆಗುತ್ತದೆ, ಹಳೆಯ ಡಿವಿಡಿ ಪ್ಲೇಯರಿಗೆ ಬೇಕಾದ ಡಿವಿಡಿ-ವಿಡಿಯೋ ಆಗುವುದಿಲ್ಲ. ಅದಕ್ಕೆ ಎಂಪೆಗ್-2 ಎಂಬ ವಿಡಿಯೋ ಮಾದರಿಗೆ ಬದಲಿಸಿ 'ವಿಡಿಯೋ ಟಿಎಸ್' ಫೋಲ್ಡರ್ ಕಟ್ಟುವ ಸಾಫ್ಟ್‌ವೇರ್ ಬೇಕು.

ವೇಗವನ್ನು 4ಎಕ್ಸ್‌ಗೆ ಇಡಿ. ತುಂಬಿದ ಡಿವಿಡಿ ಸುಮಾರು 15 ನಿಮಿಷ ತೆಗೆದುಕೊಳ್ಳುತ್ತದೆ. 8ಎಕ್ಸ್‌ನಲ್ಲಿ ಉಳಿಯುವುದು ಐದಾರು ನಿಮಿಷ, ಅದಕ್ಕಾಗಿ ಕರೆಂಟಿನ ಮೇಲೆ ಹೆಚ್ಚು ಹೊರೆ ಹಾಕುವುದು ಬೇಡ. ಡಿಸ್ಕಿನ ಹೊರ ಅಂಚಿನಲ್ಲೇ ದೋಷಗಳು ಹೆಚ್ಚು, ಹಾಗಾಗಿ ಅಂಚಿನವರೆಗೆ ತುಂಬದೆ 100-200 ಎಂಬಿ ಖಾಲಿ ಬಿಡಿ. ಬರೆದ ಮೇಲೆ, ಬರೆದದ್ದು ಸರಿಯಿದೆಯೇ ಎಂದು ಓದಿ ನೋಡುವ 'ವೆರಿಫೈ' ಆಯ್ಕೆ ಬಳಸಿ. ಲ್ಯಾಪ್‌ಟಾಪ್ ನಡುವೆ ನಿದ್ರೆಗೆ ಜಾರದಂತೆ, ಚಾರ್ಜರಿಗೆ ಹಾಕಿಯೇ ಬರೆಯಿರಿ.

ಓದದ ಡಿಸ್ಕ್

ತಪ್ಪು ಯಾರದ್ದು ಎಂದು ತಿಳಿಯುವ ದಾರಿ ಇದೆ. ಒಂದೇ ಡಿಸ್ಕ್ ಓದದಿದ್ದರೆ ಡಿಸ್ಕ್ ನೋಡಿ. ಸಿಡಿ ಎಲ್ಲ ಓದಿ ಡಿವಿಡಿ ಯಾವುದೂ ಓದದಿದ್ದರೆ, ಕರೆಂಟ್ ಸರಿಯಿದ್ದೂ ಹಾಗಾದರೆ, ಕೆಂಪು ಲೇಸರ್ ಬಲಗುಂದಿದೆ. ಅಂಗಡಿಯ ಡಿಸ್ಕ್ ಓದಿ ಮನೆಯಲ್ಲಿ ಬರೆದದ್ದನ್ನು, ಅದರಲ್ಲೂ ಆರ್‌ಡಬ್ಲ್ಯು ಡಿಸ್ಕನ್ನು ಓದದಿದ್ದರೆ ಲೆನ್ಸ್ ಕೊಳೆಯಾಗಿರಬಹುದು. ಆರ್‌ಡಬ್ಲ್ಯು ಡಿಸ್ಕ್ ಬೆಳಕನ್ನು ಬಹಳ ಕಡಿಮೆ ಹಿಂದಿರುಗಿಸುವುದರಿಂದ ಮಬ್ಬಾದ ಲೆನ್ಸಿಗೆ ಮೊದಲು ಕಷ್ಟವಾಗುವುದು ಅದೇ.

ಲೆನ್ಸಿಗೆ ಮೊದಲು ರಬ್ಬರ್ ಬ್ಲೋವರ್‌ನಿಂದ ಗಾಳಿ ಊದಿ, ಬಾಯಿಂದಲ್ಲ. ಸಾಲದಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ತುಸು ತಾಗಿಸಿದ ಹತ್ತಿಕಡ್ಡಿಯನ್ನು ಲೆನ್ಸಿನ ಮೇಲೆ ಸವರಿ. ಲೆನ್ಸ್ ತೆಳು ತಂತಿಗಳ ಮೇಲೆ ತೂಗುತ್ತಿರುತ್ತದೆ, ಒತ್ತಿದರೆ ಮತ್ತೆ ಸರಿಯಾಗದು.

ಡಿಸ್ಕನ್ನು ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು, ಸುತ್ತಲೂ ಅಲ್ಲ. ಮಾಹಿತಿಯ ಗೆರೆ ಸುತ್ತಲೂ ಸಾಗುತ್ತದೆ. ಗೀರು ಅದಕ್ಕೆ ಅಡ್ಡವಾದರೆ ಕಳೆದುಹೋದ ಚೂರನ್ನು ಡ್ರೈವ್ ತನ್ನ ದೋಷ ತಿದ್ದುವ ಲೆಕ್ಕದಿಂದ ಮರಳಿ ಕಟ್ಟಿಕೊಳ್ಳುತ್ತದೆ, ಗೆರೆಯ ಉದ್ದಕ್ಕೂ ಬಿದ್ದರೆ ತಿದ್ದಲಾಗದಷ್ಟು ಮಾಹಿತಿ ಒಟ್ಟಿಗೆ ಹೋಗುತ್ತದೆ. ಸಿಡಿಯ ಮಾಹಿತಿ ಪದರ ಇರುವುದು ಮೇಲ್ಭಾಗದ ಬಣ್ಣದ ಬರಹದ ಅಡಿಯಲ್ಲೇ. ಅಲ್ಲಿ ಉಗುರಿನಿಂದ ಗೀರಿದರೂ ನಷ್ಟ ಖಾಯಂ. ಡಿವಿಡಿಯಲ್ಲಿ ಅದು ತಲಾ 0.6 ಮಿಲಿಮೀಟರಿನ ಎರಡು ಬಿಲ್ಲೆಗಳ ನಡುವೆ ಇರುವುದರಿಂದ ಮೇಲಿನ ಗೀರಿಗೆ ಅಂಜಬೇಕಿಲ್ಲ, ಆದರೆ ಬಾಗಿಸಿದರೆ ಬಿಲ್ಲೆಗಳು ಬಿಡುತ್ತವೆ.

ಒರೆಸಿದ ಮೇಲೂ ಅರ್ಧಕ್ಕೇ ನಿಂತರೆ ಬೇರೆ ಡ್ರೈವ್‌ನಲ್ಲಿ ಪ್ರಯತ್ನಿಸಿ. ಒಂದು ಡ್ರೈವ್ ಬಿಟ್ಟ ಜಾಗವನ್ನು ಇನ್ನೊಂದು ಓದುವುದು ಅಪರೂಪವೇನಲ್ಲ. ಲಿನಕ್ಸ್‌ನ ಡಿಡಿರೆಸ್ಕ್ಯೂ ಎಂಬ ಸಾಫ್ಟ್‌ವೇರ್ ಓದಿದ ಭಾಗಗಳ ಲೆಕ್ಕ ಇಟ್ಟುಕೊಳ್ಳುತ್ತದೆ. ಬೇರೆ ಡ್ರೈವ್ ಹಾಕಿ ಮತ್ತೆ ಓಡಿಸಿದರೆ ಬಿಟ್ಟುಹೋದದ್ದನ್ನು ಮಾತ್ರ ಹುಡುಕುತ್ತದೆ.

ಟ್ರೇ ತೆರೆಯದಿದ್ದರೆ

ಗುಂಡಿ ಕೆಲಸ ಮಾಡುವುದು ಕರೆಂಟ್ ಇದ್ದಾಗ ಮಾತ್ರ. ಕೇಬಲ್ ಕಳಚಿದ ಡ್ರೈವ್ ತೆರೆಯದಿರುವುದು ದೋಷವಲ್ಲ. ಜೋಡಿಸಿದ್ದೂ ತೆರೆಯದಿದ್ದರೆ ಯಾವುದೋ ಪ್ರೋಗ್ರಾಂ ಡಿಸ್ಕನ್ನು ಹಿಡಿದಿಟ್ಟಿರುತ್ತದೆ. ವಿಎಲ್‌ಸಿಯಂಥವನ್ನು ಮುಚ್ಚಿ, ಡ್ರೈವ್‌ನ ಚಿಹ್ನೆಯ ಮೇಲೆ ರೈಟ್ ಕ್ಲಿಕ್ ಮಾಡಿ 'ಇಜೆಕ್ಟ್' ಒತ್ತಿ. ಅದೂ ಆಗದಿದ್ದರೆ ಕೇಬಲ್ ಕಳಚಿ, ಡಿಸ್ಕ್ ತಿರುಗುವುದು ನಿಂತಿತೆಂದು ಖಾತ್ರಿ ಮಾಡಿಕೊಳ್ಳಿ. ಟ್ರೇಯ ಮುಂಭಾಗದಲ್ಲಿ ಸೂಜಿ ಗಾತ್ರದ ತೂತಿದೆ. ನೆಟ್ಟಗೆ ಮಾಡಿದ ಪೇಪರ್ ಕ್ಲಿಪ್ಪನ್ನು ಅದರೊಳಗೆ ನೇರವಾಗಿ ತೂರಿಸಿ, ಸ್ಪ್ರಿಂಗಿನ ಪ್ರತಿರೋಧ ಸಿಕ್ಕಲ್ಲಿ ಮೆಲ್ಲಗೆ ಒತ್ತಿದರೆ ಬೀಗ ಬಿಟ್ಟು ಟ್ರೇ ಹೊರಬರುತ್ತದೆ. ಓರೆಯಾಗಿ ತೂರಿಸಬೇಡಿ, ಸೂಜಿ ಬಳಸಬೇಡಿ. ಹಾಗೆ ತೆರೆದ ಮೇಲೂ ಟ್ರೇ ಮುಚ್ಚಿದಾಗ ಬೀಗ ಹಿಡಿಯದಿದ್ದರೆ ಒಳಗಿನ ಕೊಕ್ಕೆ ಮುರಿದಿದೆ ಎಂದರ್ಥ.